ಒಲೆಯ ಮೇಲೆ ಬರೆದ ಊರು: ಉಕ್ರೇನಿನ ಕುಂಬಾರ ಒಲೆಕ್ಸಾ ಬಖ್ಮಾತ್ಯುಕ್

2022ರ ಏಪ್ರಿಲ್‌ನಲ್ಲಿ ಒಂದು ಫೋಟೋ ಜಗತ್ತಿನ ತುಂಬ ಓಡಾಡಿತು. ನಿಮ್ಮ ಫೋನಿಗೂ ಬಂದಿರಬಹುದು. ಕೀವ್ ನಗರದ ಹತ್ತಿರದ ಬೊರೊದ್ಯಾಂಕಾ ಎಂಬ ಊರು. ಬಾಂಬ್ ಬಿದ್ದು ಒಂದು ವಸತಿ ಕಟ್ಟಡ ಕುಸಿದಿದೆ. ಉಳಿದಿರುವ ಗೋಡೆಯಲ್ಲಿ, ಎತ್ತರದಲ್ಲಿ, ಯಾರದೋ ಅಡುಗೆಮನೆಯ ಕಪಾಟು ಹಾಗೇ ನೇತಾಡುತ್ತಿದೆ. ಅದರ ಮೇಲೆ ಒಂದು ಮಣ್ಣಿನ ಹುಂಜ ನಿಂತಿದೆ. ಒಡೆದಿಲ್ಲ.

ಆ ಹುಂಜ ಕಾರ್ಖಾನೆಯಲ್ಲಿ ತಯಾರಾದದ್ದು. ಕೀವ್ ಹತ್ತಿರದ ವಸಿಲ್ಕಿವ್ ಪಟ್ಟಣದಲ್ಲಿ ಸೋವಿಯತ್ ಕಾಲದಲ್ಲಿ ಮಣ್ಣಿನ ಸಾಮಾನು ಮಾಡುತ್ತಿದ್ದ ಒಂದು ಕಾರ್ಖಾನೆ ಇತ್ತು. ಅಲ್ಲಿಂದ ಬಂದ ಇಂಥ ಹುಂಜಗಳು ಎಷ್ಟೋ ಮನೆಗಳ ಕಪಾಟಿನಲ್ಲಿದ್ದವು. ಯುದ್ಧದ ನಡುವೆ ಅದೇ ಹುಂಜ ಜನರ ಗಟ್ಟಿತನದ ಗುರುತಾಯಿತು. ಕಪಾಟನ್ನೇ ಕಳಚಿ ಮ್ಯೂಸಿಯಂಗೆ ಒಯ್ದರು.

ಆಗ ಅನೇಕರಿಗೆ ಒಂದು ಪ್ರಶ್ನೆ ಬಂತು. ಉಕ್ರೇನಿನವರಿಗೆ ಮಣ್ಣಿನ ಸಾಮಾನು ಅಂದರೆ ಯಾಕೆ ಇಷ್ಟು ಅಕ್ಕರೆ? ಉತ್ತರ ಕಾರ್ಖಾನೆಯಲ್ಲಿಲ್ಲ, ಅದಕ್ಕಿಂತ ಹಿಂದೆ, ಕುಂಬಾರರ ಮನೆಗಳಲ್ಲಿದೆ. ಉಕ್ರೇನಿನಲ್ಲಿ ಕುಂಬಾರಿಕೆಗೆ ಹೆಸರಾದ ಊರುಗಳು ಹಲವು. ಪೊಲ್ತಾವಾ ಕಡೆಯ ಒಪಿಷ್ನ್ಯಾ ಒಂದು, ಕಾರ್ಪೇಥಿಯನ್ ಬೆಟ್ಟಗಳ ಬುಡದ ಕೊಸಿವ್ ಇನ್ನೊಂದು. ಈ ಲೇಖನ ಕೊಸಿವ್‌ನ ಒಬ್ಬ ಕುಂಬಾರನ ಬಗ್ಗೆ. ಹೆಸರು ಒಲೆಕ್ಸಾ ಬಖ್ಮಾತ್ಯುಕ್. ಹುಟ್ಟಿದ್ದು 1820, ತೀರಿಕೊಂಡಿದ್ದು 1882. ಅವರು ಚಿತ್ರ ಬರೆದದ್ದು ಹೆಚ್ಚಾಗಿ ಒಲೆಗಳ ಮೇಲೆ.

## ಕೊಸಿವ್ ಎಲ್ಲಿದೆ?

ಉಕ್ರೇನಿನ ನಕ್ಷೆಯಲ್ಲಿ ಕೀವ್‌ನಿಂದ ಎಡಕ್ಕೂ ಕೆಳಕ್ಕೂ ಕಣ್ಣು ಹಾಯಿಸಿ. ರೊಮೇನಿಯಾದ ಗಡಿ ಹತ್ತಿರ ಬರುವ ಮುಂಚೆ ಬೆಟ್ಟಗಳು ಶುರುವಾಗುತ್ತವೆ. ಅದೇ ಕಾರ್ಪೇಥಿಯನ್ ಸಾಲು. ಅದರ ಬುಡದಲ್ಲಿ, ರಿಬ್ನಿತ್ಸ್ಯಾ ಎಂಬ ಹೊಳೆಯ ದಡದಲ್ಲಿ ಕೊಸಿವ್ ಇದೆ. ಈಗ ಅದು ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ್ಯದ ಸಣ್ಣ ಪಟ್ಟಣ. ಬಖ್ಮಾತ್ಯುಕ್ ಕಾಲದಲ್ಲಿ ಅದು ಹಳ್ಳಿಗಳಿಗೆ ಅಂಟಿಕೊಂಡಂತಿದ್ದ ಸಂತೆ ಊರು.

ಈ ಜಾಗದ ವಿಶೇಷ ಏನು ಅಂದರೆ, ಅದು ಬೆಟ್ಟ ಮತ್ತು ಬಯಲು ಸೇರುವ ಹೊಸ್ತಿಲು. ಮೇಲೆ ಬೆಟ್ಟದಲ್ಲಿ ಹುತ್ಸುಲ್ ಎಂಬ ಜನ. ಕುರಿ, ದನ, ಕಾಡಿನ ಮರ ಅವರ ಬದುಕು. ಚಳಿ ಜಾಸ್ತಿ, ಹೊಲ ಕಡಿಮೆ. ಕೆಳಗೆ ಬಯಲಿನಲ್ಲಿ ಕಾಳು ಬೆಳೆಯುವ ರೈತರು. ಇಬ್ಬರಿಗೂ ಒಬ್ಬರದು ಇನ್ನೊಬ್ಬರಿಗೆ ಬೇಕು. ಚೀಸು, ಉಣ್ಣೆ, ಚರ್ಮ ಕೆಳಗಿಳಿಯುತ್ತಿದ್ದವು. ಕಾಳು, ಉಪ್ಪು, ಮಡಕೆ ಮೇಲೆ ಹತ್ತುತ್ತಿದ್ದವು. ಕೊಸಿವ್‌ನಲ್ಲಿ ಉಪ್ಪುನೀರಿನ ಬುಗ್ಗೆಗಳಿದ್ದವು, ಆ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಉಪ್ಪಿಗೆ ಬಂದವರು ಮಡಕೆಯನ್ನೂ ಕೊಂಡುಹೋಗುತ್ತಿದ್ದರು. ಶನಿವಾರದ ಸಂತೆ ಅಲ್ಲಿ ಈಗಲೂ ನಡೆಯುತ್ತದೆ.

ಕುಂಬಾರನಿಗೆ ಬೇಕಾದ್ದು ಮೂರು: ಒಳ್ಳೆ ಮಣ್ಣು, ಉರಿಸಲು ಸೌದೆ, ಕೊಳ್ಳುವ ಜನ. ಕೊಸಿವ್‌ನಲ್ಲಿ ಮೂರೂ ಕೈಗೆಟುಕುವಂತಿದ್ದವು. ಹದಿನೆಂಟನೇ ಶತಮಾನದಿಂದಲೇ ಅಲ್ಲಿ ಚಿತ್ರ ಬರೆದ ಮಣ್ಣಿನ ಸಾಮಾನು ತಯಾರಾಗುತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಗೊಂದಲವಾಗುತ್ತದೆ. ಬಖ್ಮಾತ್ಯುಕ್ ಹುಟ್ಟಿದಾಗ ಉಕ್ರೇನ್ ಎಂಬ ದೇಶ ನಕ್ಷೆಯಲ್ಲಿ ಇರಲಿಲ್ಲ. ಕೊಸಿವ್ ಇದ್ದದ್ದು ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾ ಪ್ರಾಂತ್ಯದಲ್ಲಿ. ದೊರೆ ಇದ್ದದ್ದು ವಿಯೆನ್ನಾದಲ್ಲಿ. ಜಮೀನ್ದಾರರೂ ಓದಿದವರೂ ಹೆಚ್ಚಿನವರು ಪೋಲಿಷ್ ಮಾತನಾಡುವವರು. ಹಳ್ಳಿಯವರ ಮಾತು ಉಕ್ರೇನಿಯನ್. ಹೀಗಾಗಿ ಒಬ್ಬರೇ ಕುಂಬಾರನ ಹೆಸರು ಪೋಲಿಷ್ ಪುಸ್ತಕಗಳಲ್ಲಿ ಅಲೆಕ್ಸಾಂಡರ್ ಬಾಖ್ಮಿನ್‌ಸ್ಕಿ ಎಂದು ಇರುತ್ತದೆ, ಉಕ್ರೇನಿಯನ್ ಪುಸ್ತಕಗಳಲ್ಲಿ ಒಲೆಕ್ಸಾ ಬಖ್ಮಾತ್ಯುಕ್ ಅಥವಾ ಬಖ್ಮೆತ್ಯುಕ್ ಎಂದು ಇರುತ್ತದೆ. ಮೂರು ಬೇರೆ ಜನ ಎಂದುಕೊಳ್ಳಬೇಡಿ.

## ಕುಂಬಾರನ ಮಗ

ಬಖ್ಮಾತ್ಯುಕ್ ಅವರ ತಂದೆ ಪೆತ್ರೊ ಕೂಡ ಕುಂಬಾರರೇ. ಕೆಲಸ ಕಲಿತದ್ದು ಮನೆಯಲ್ಲಿ. ಕುಂಬಾರರ ಮನೆಯಲ್ಲಿ ಮಗು ಮೊದಲು ಕಲಿಯುವುದು ಮಡಕೆ ಮಾಡುವುದನ್ನಲ್ಲ, ಮಣ್ಣು ತುಳಿಯುವುದನ್ನು. ಆಮೇಲೆ ಕಲ್ಲು ಆರಿಸುವುದು, ನಾದುವುದು, ಹಸಿ ಮಡಕೆ ಒಣಗಲು ಸಾಲಾಗಿ ಇಡುವುದು. ತಿಗರಿ ಮುಂದೆ ಕೂರುವ ಹೊತ್ತಿಗೆ ಮಣ್ಣಿನ ಹದ ಕೈಗೆ ಗೊತ್ತಾಗಿರುತ್ತದೆ.

ಅವರು ಯುವಕರಾಗಿದ್ದಾಗ ಒಂದು ದೊಡ್ಡ ಬದಲಾವಣೆಯಾಯಿತು. 1848ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯ ಜೀತಪದ್ಧತಿಯನ್ನು ರದ್ದು ಮಾಡಿತು. ಅಲ್ಲಿಯವರೆಗೆ ಗಲೀಷಿಯಾದ ರೈತ ವಾರದಲ್ಲಿ ಇಷ್ಟು ದಿನ ಎಂದು ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಅದು ನಿಂತಿತು. ರಾತ್ರೋರಾತ್ರಿ ಯಾರೂ ಶ್ರೀಮಂತರಾಗಲಿಲ್ಲ. ಆದರೆ ತನ್ನ ಸಮಯ ತನ್ನದು, ತನ್ನ ದುಡ್ಡು ತನ್ನದು ಎನ್ನುವ ಮನೆಗಳು ಹೆಚ್ಚಿದವು. ಅಂಥ ಮನೆಯವರು ಬರೀ ಅಡುಗೆಯ ಮಡಕೆಯಷ್ಟೇ ಅಲ್ಲ, ಚಂದದ ತಟ್ಟೆಯನ್ನೂ ಕೊಳ್ಳತೊಡಗಿದರು. ಕೊಸಿವ್ ಮಣ್ಣಿನ ಸಾಮಾನಿನ ಚಿನ್ನದ ಕಾಲ ಎಂದು ಕರೆಯುವುದು ಇದೇ ಹತ್ತೊಂಬತ್ತನೇ ಶತಮಾನದ ನಡುಭಾಗವನ್ನು. ಬಖ್ಮಾತ್ಯುಕ್ ಕೈ ಪಳಗಿದ್ದೂ ಅದೇ ಕಾಲದಲ್ಲಿ. ಇದು ಕಾಕತಾಳೀಯ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಅವರು ಮಾಡಿದ ಸಾಮಾನು ಹಲವು ಬಗೆ. ಬಟ್ಟಲು, ತಟ್ಟೆ, ಹೂಜಿ. ನಡುವೆ ತೂತಿರುವ, ಬಳೆಯಾಕಾರದ ಹೂಜಿ. ಮೂರು ಮೇಣದಬತ್ತಿ ಹಿಡಿಯುವ ದೀಪದಾನಿ. ಇದು ಹುತ್ಸುಲರಿಗೆ ಪೂಜೆಯ ಸಾಮಾನು. ಜನವರಿಯಲ್ಲಿ ಬರುವ ನೀರು ಹರಸುವ ಹಬ್ಬಕ್ಕೆ ಮೂರು ಬತ್ತಿಯ ದೀಪ ಬೇಕೇಬೇಕು. ಆದರೆ ಬಖ್ಮಾತ್ಯುಕ್ ಹೆಸರು ಉಳಿದದ್ದು ಮುಖ್ಯವಾಗಿ ಒಲೆಯ ಟೈಲ್‌ಗಳಿಂದ.

## ಒಲೆಗೆ ಯಾಕೆ ಟೈಲ್?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಒಲೆ ಅಂದರೆ ಅಡುಗೆ ಮಾಡಲು, ಇಲ್ಲವೇ ಬಚ್ಚಲಲ್ಲಿ ನೀರು ಕಾಯಿಸಲು. ಕಾರ್ಪೇಥಿಯನ್ ಬೆಟ್ಟದಲ್ಲಿ ಒಲೆ ಅಂದರೆ ಜೀವ ಉಳಿಸುವ ವಸ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಚಳಿ ತಿಂಗಳುಗಟ್ಟಲೆ ಇರುತ್ತದೆ. ಮನೆಯ ಮುಖ್ಯ ಕೋಣೆಯನ್ನು ಬೆಚ್ಚಗಿಡುವುದು ಒಲೆಯ ಕೆಲಸ. ಅದು ಆಳೆತ್ತರ, ಕೆಲವೊಮ್ಮೆ ಅದಕ್ಕೂ ಎತ್ತರ. ಕೋಣೆಯ ಒಂದು ಮೂಲೆಯೇ ಅದಕ್ಕೆ ಮೀಸಲು.

ಇಡೀ ರಾತ್ರಿ ಬೆಂಕಿ ಉರಿಸಲು ಆಗುವುದಿಲ್ಲ. ಸೌದೆ ಸಾಲದು, ಅಪಾಯವೂ ಹೌದು. ಹಾಗಾದರೆ ಬೆಂಕಿ ಆರಿದ ಮೇಲೂ ಕೋಣೆ ಹೇಗೆ ಬೆಚ್ಚಗಿರುತ್ತದೆ? ಹಳೆ ಮನೆಯ ಹಂಡೆ ಒಲೆ ನೆನಪಿಸಿಕೊಳ್ಳಿ. ಬೆಳಿಗ್ಗೆ ಉರಿ ಹಾಕಿ ಆರಿಸಿದರೂ ಸುತ್ತಲಿನ ಮಣ್ಣಿನ ಕಟ್ಟೆ ಮಧ್ಯಾಹ್ನದವರೆಗೆ ಬಿಸಿಯಾಗಿರುತ್ತಿತ್ತು, ಅಲ್ವಾ? ದಪ್ಪ ಮಣ್ಣು ಬಿಸಿಯನ್ನು ಕುಡಿಯುತ್ತದೆ, ನಿಧಾನಕ್ಕೆ ಬಿಟ್ಟುಕೊಡುತ್ತದೆ. ಟೈಲ್ ಒಲೆಯ ಗುಟ್ಟೂ ಅದೇ. ಒಳಗೆ ಹೊಗೆ ಓಡಾಡುವ ದಾರಿ, ಹೊರಗೆ ಸುಟ್ಟ ಮಣ್ಣಿನ ದಪ್ಪ ಚರ್ಮ.

ಆ ಚರ್ಮದ ಒಂದೊಂದು ತುಂಡೇ ಟೈಲ್. ಅದನ್ನು ಅಲ್ಲಿ ಕಾಖ್ಲ್ಯಾ ಎನ್ನುತ್ತಾರೆ. ಇದು ಜರ್ಮನ್ ಭಾಷೆಯಿಂದ ಬಂದ ಪದ. ಟೈಲ್ ಒಲೆ ಮಧ್ಯ ಯುರೋಪಿನ ಎಷ್ಟೋ ಊರುಗಳಲ್ಲಿ ಬಳಕೆಯಲ್ಲಿತ್ತು, ಪದವೂ ಅದರ ಜೊತೆ ಪಯಣಿಸಿತು. ನಮ್ಮ ಬಚ್ಚಲಿನ ಗೋಡೆಗೆ ಅಂಟಿಸುವ ಟೈಲ್ಸ್‌ನಂತೆ ಇದು ಬರೀ ಚಪ್ಪಟೆ ತುಂಡಲ್ಲ. ಹಿಂಬದಿಯಲ್ಲಿ ಸುತ್ತ ಒಂದು ಅಂಚು ಇರುತ್ತದೆ. ಬೆಂಕಿಪೊಟ್ಟಣದ ಒಳಗಿನ ಡಬ್ಬಿಯನ್ನು ಮಗುಚಿ ಇಟ್ಟರೆ ಹೇಗೆ ಕಾಣುತ್ತದೋ ಹಾಗೆ. ಆ ಟೊಳ್ಳಿನಲ್ಲಿ ಹಸಿ ಮಣ್ಣು ತುಂಬಿ ಒಂದರ ಪಕ್ಕ ಒಂದು ಜೋಡಿಸುತ್ತಾ ಹೋಗುತ್ತಾರೆ. ಅಂಚು ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿದರೂ ಟೈಲ್ ಕಳಚಿ ಬೀಳುವುದಿಲ್ಲ.

ಈಗ ಯೋಚಿಸಿ. ಮನೆಯ ಮುಖ್ಯ ಕೋಣೆ, ಹೊರಗೆ ಹಿಮ, ಬೇಗ ಕತ್ತಲೆ. ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಒಲೆಯ ಎದುರೇ ಕೂರುತ್ತಾರೆ. ಅಲ್ಲೇ ನೂಲುವುದು, ಅಲ್ಲೇ ಕತೆ ಹೇಳುವುದು, ಅಲ್ಲೇ ಮಕ್ಕಳು ನಿದ್ದೆ ಹೋಗುವುದು. ಕಣ್ಣು ಬೀಳುವ ಜಾಗ ಅದೊಂದೇ. ಅಲ್ಲಿ ಚಿತ್ರ ಇದ್ದರೆ ಆ ಮನೆಯ ಮಗು ದೊಡ್ಡದಾಗುವಷ್ಟರಲ್ಲಿ ಪ್ರತಿಯೊಂದು ಟೈಲನ್ನೂ ಸಾವಿರ ಸಲ ನೋಡಿರುತ್ತದೆ.

## ಟೈಲ್‌ನಲ್ಲಿ ಯಾರಿದ್ದಾರೆ?

ಬಖ್ಮಾತ್ಯುಕ್ ಅವರ ಒಲೆಯ ಮುಂದೆ ನಿಂತರೆ ಒಂದು ಸಂತೆಯನ್ನೇ ನೋಡಿದಂತಾಗುತ್ತದೆ. ಒಂದು ಟೈಲ್‌ನಲ್ಲಿ ಬಂದೂಕು ಹಿಡಿದ ಬೇಟೆಗಾರ, ಇನ್ನೊಂದರಲ್ಲಿ ಜಿಂಕೆ. ಒಂದರಲ್ಲಿ ವಾದ್ಯ ನುಡಿಸುವವ. ಒಂದರಲ್ಲಿ ಸಮವಸ್ತ್ರ ತೊಟ್ಟ ಸೈನಿಕ. ಚರ್ಚು, ಸಂತ ನಿಕೋಲಸ್, ಕುದುರೆ ಸವಾರ, ಕರಡಿ, ಹಕ್ಕಿ. ಆಸ್ಟ್ರಿಯಾ ಸಾಮ್ರಾಜ್ಯದ ಎರಡು ತಲೆಯ ಹದ್ದು ಕೂಡ ಇದೆ. ನಡುನಡುವೆ ಬರೀ ಹೂವು, ಎಲೆ, ಕೊಂಬೆ.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಸೈನಿಕರು. ಹಳ್ಳಿಯ ಒಲೆಯ ಮೇಲೆ ಸೈನಿಕ ಯಾಕೆ? ಆಗ ಸಾಮ್ರಾಜ್ಯದ ಸೇನೆಗೆ ಹಳ್ಳಿಯ ಹುಡುಗರನ್ನು ಎಳೆದುಕೊಂಡು ಹೋಗುತ್ತಿದ್ದರು. ಹೋದವನು ವರ್ಷಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ಬೇರೆ ಭಾಷೆಯ ನಾಲ್ಕು ಪದ, ಬೇರೆ ದೇಶದ ಹತ್ತು ಕತೆ ತರುತ್ತಿದ್ದ. ಸಾಲು ಗುಂಡಿಯ ಅಂಗಿ, ಎತ್ತರದ ಟೋಪಿ ಎಲ್ಲ ಮನೆಗೂ ಗೊತ್ತಿದ್ದ ಚಿತ್ರ. ಆ ಟೈಲ್ ನೋಡುವ ತಾಯಿಗೆ ಅದು ಸುಮ್ನೆ ಅಲಂಕಾರ ಆಗಿರಲು ಸಾಧ್ಯವಿಲ್ಲ.

ಎರಡು ತಲೆಯ ಹದ್ದಿಗೂ ಹೀಗೇ ಕಾರಣವಿದೆ. ಅದು ಸರ್ಕಾರದ ಮುದ್ರೆ. ಕಚೇರಿಯ ಬಾಗಿಲಲ್ಲಿ, ನಾಣ್ಯದ ಮೇಲೆ, ಸೇನೆಯ ಬಾವುಟದಲ್ಲಿ ಹಳ್ಳಿಯವರು ಅದನ್ನು ನೋಡುತ್ತಿದ್ದರು. ಕುಂಬಾರ ಅದನ್ನು ತನ್ನ ಕೈಯಲ್ಲಿ ಬರೆದಾಗ ಆ ಗಂಭೀರ ಹದ್ದು ಊರಿನ ಕೋಳಿಯ ಹತ್ತಿರದ ನೆಂಟನಂತೆ ಕಾಣುತ್ತದೆ. ರೆಕ್ಕೆಯ ಗರಿಗಳು ಎಲೆಗಳಂತೆ ಅರಳಿವೆ.

ಚಿತ್ರದ ರೀತಿಯೂ ಬೇರೆ. ನಗರದ ಚಿತ್ರಕಾರರು ದೂರದ್ದನ್ನು ಸಣ್ಣದಾಗಿ, ಹತ್ತಿರದ್ದನ್ನು ದೊಡ್ಡದಾಗಿ ಬರೆಯುವ ಲೆಕ್ಕ ಇಟ್ಟುಕೊಂಡಿರುತ್ತಾರೆ. ಇಲ್ಲಿ ಆ ಲೆಕ್ಕ ಇಲ್ಲ. ಮುಖ್ಯವಾದವನು ದೊಡ್ಡವನು. ಮನುಷ್ಯನ ಪಕ್ಕದ ಹೂವು ಅವನಷ್ಟೇ ಎತ್ತರ ಇರಬಹುದು. ಖಾಲಿ ಜಾಗ ಉಳಿದರೆ ಅಲ್ಲೊಂದು ಕೊಂಬೆ ಬರುತ್ತದೆ. ಇದು ಬರೆಯಲು ಬಾರದ್ದರಿಂದ ಆದದ್ದಲ್ಲ. ಮಂದ ಬೆಳಕಿನ ಕೋಣೆಯಲ್ಲಿ ದೂರದಿಂದ ನೋಡಿದರೂ ಯಾರು ಏನು ಎಂದು ಗೊತ್ತಾಗಬೇಕು. ಅದಕ್ಕೆ ಈ ರೀತಿಯೇ ಸರಿ.

## ಮಣ್ಣಿನಿಂದ ಚಿತ್ರದವರೆಗೆ

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕೊಸಿವ್ ಸಾಮಾನು ಬೇರೆ ಊರಿನದಕ್ಕಿಂತ ಬೇರೆಯಾಗಿ ಕಾಣಲು ಕಾರಣ ಈ ವಿಧಾನದಲ್ಲೇ ಇದೆ.

ಊರಿನ ಸುತ್ತ ಸಿಗುವ ಜೇಡಿಮಣ್ಣು ಬೂದು ಬಣ್ಣದ್ದು. ಅಗೆದು, ನೆನೆಸಿ, ತುಳಿದು, ಕಲ್ಲು ಬೇರು ತೆಗೆದು ಹದ ಮಾಡುತ್ತಾರೆ. ತಿಗರಿಯನ್ನು ಕಾಲಿನಿಂದ ತಿರುಗಿಸುತ್ತಾರೆ. ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ, ಎರಡಕ್ಕೂ ಒಂದೇ ಅಚ್ಚು. ಕಾಲು ಕೆಳಗಿನದನ್ನು ಒದೆಯುತ್ತಿದ್ದರೆ ಎರಡು ಕೈಗಳೂ ಮಣ್ಣಿಗೆ ಬಿಡುವಾಗಿರುತ್ತವೆ. ಆಕಾರ ಬಂದ ಮೇಲೆ ನೆರಳಿನಲ್ಲಿ ಒಣಗಿಸುತ್ತಾರೆ.

ಬೂದು ಮಣ್ಣು ಸುಟ್ಟ ಮೇಲೆ ಕೆಂಪಗಾಗುತ್ತದೆ. ಕೆಂಪಿನ ಮೇಲೆ ನೇರವಾಗಿ ಬಣ್ಣ ಹಾಕಿದರೆ ಮಂಕಾಗುತ್ತದೆ. ಕೆಂಪು ಕಾಗದದ ಮೇಲೆ ಹಸಿರು ಪೆನ್ಸಿಲ್ ಎಳೆದಂತೆ. ಅದಕ್ಕೆ ಮೊದಲು ಬಿಳಿ ಹಿನ್ನೆಲೆ ಬೇಕು. ಬಿಳಿ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಕೆನೆಯ ಹದಕ್ಕೆ ತಂದು, ಸಾಮಾನಿನ ಮೇಲೆ ಒಂದು ಪದರ ಸುರಿಯುತ್ತಾರೆ. ನಾವು ಮಣ್ಣಿನ ಗೋಡೆಗೆ ಸುಣ್ಣ ಹೊಡೆದ ಹಾಗೆ. ಅಲ್ಲಿನವರು ಇದನ್ನು ಪೊಬಿಲ್ ಎನ್ನುತ್ತಾರೆ. ಆ ಪದದ ಬುಡದಲ್ಲೇ ಬಿಳುಪು ಎಂಬ ಅರ್ಥ ಇದೆ.

ಮುಂದಿನದೇ ಕೊಸಿವ್‌ನ ಕೈಚಳಕ. ಸುಣ್ಣ ಹೊಡೆದ ಮಣ್ಣಿನ ಗೋಡೆಯನ್ನು ಚಿಕ್ಕವರಿದ್ದಾಗ ಉಗುರಿನಿಂದ ಗೀಚಿದ್ದೀರಾ? ಬಿಳಿ ಉದುರಿ ಒಳಗಿನ ಮಣ್ಣು ಗೆರೆಯಾಗಿ ಕಾಣುತ್ತದೆ. ಕೊಸಿವ್ ಕುಂಬಾರರೂ ಚೂಪಾದ ಲೋಹದ ಕಡ್ಡಿಯಿಂದ ಬಿಳಿ ಪದರವನ್ನು ಗೀರಿ ಚಿತ್ರದ ಹೊರಗೆರೆ ಮೂಡಿಸುತ್ತಾರೆ. ಇದು ಬಣ್ಣದ ಗೆರೆಯಲ್ಲ, ಕೊರೆದ ಗೆರೆ. ಹೀಗಾಗಿ ಇದಕ್ಕೆ ಅಳಿಸುವ ರಬ್ಬರ್ ಇಲ್ಲ. ಮೊದಲೇ ಕರಡು ಬರೆದು ತಿದ್ದಲು ಜಾಗವಿಲ್ಲ. ಜಿಂಕೆಯ ಕೊಂಬು ತಪ್ಪಾಗಿ ಬಾಗಿದರೆ ಅದು ಹಾಗೇ ಉಳಿಯುತ್ತದೆ. ಬಖ್ಮಾತ್ಯುಕ್ ಟೈಲ್‌ಗಳಲ್ಲಿ ಈ ಗೆರೆಯ ಓಟ ನೋಡಿದರೆ ಕೈ ಎಲ್ಲೂ ತಡೆದಿಲ್ಲ ಎಂಬುದು ತಿಳಿಯುತ್ತದೆ. ಬೇಗ ಬೇಗ, ನಂಬಿಕೆಯಿಂದ ಎಳೆದ ಗೆರೆ.

ಆಮೇಲೆ ಮೊದಲ ಸಲ ಸುಡುವುದು. ಮಣ್ಣಿನ ಸಾಮಾನು ಗಟ್ಟಿಯಾಗಲು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸುಡದ ಮಡಕೆಗೆ ನೀರು ಹಾಕಿದರೆ ಕರಗಿ ಮತ್ತೆ ಕೆಸರಾಗುತ್ತದೆ. ಸುಟ್ಟ ಮೇಲೆ ಆಗುವುದಿಲ್ಲ. ಏಕೆಂದರೆ ಶಾಖಕ್ಕೆ ಮಣ್ಣಿನ ಒಳ ರಚನೆಯೇ ಬದಲಾಗುತ್ತದೆ, ಅದರ ಕಣಗಳೊಳಗೆ ಹುದುಗಿದ್ದ ನೀರು ಕೂಡ ಹೊರಟುಹೋಗುತ್ತದೆ. ಬೇಯಿಸಿದ ರೊಟ್ಟಿಯನ್ನು ನೆನೆಸಿದರೆ ಮತ್ತೆ ಹಿಟ್ಟಾಗದು, ಹಾಗೆ.

ಈಗ ಬಣ್ಣ. ಅಂಗಡಿಯ ಬಣ್ಣದ ಡಬ್ಬಿ ಇಲ್ಲಿ ನಡೆಯುವುದಿಲ್ಲ, ಆವಿಗೆಯ ಶಾಖಕ್ಕೆ ಸುಟ್ಟು ಬೂದಿಯಾಗುತ್ತದೆ. ಬೆಂಕಿಯಲ್ಲೂ ಉಳಿಯುವುದು ಲೋಹ ಗಾಳಿಯೊಡನೆ ಸೇರಿ ಆಗುವ ಪುಡಿಗಳು, ಅಂದರೆ ಆಕ್ಸೈಡ್‌ಗಳು. ಹೆಸರು ಹೊಸದಾದರೂ ವಸ್ತು ನಿಮಗೆ ಗೊತ್ತಿರುವುದೇ. ಕಬ್ಬಿಣಕ್ಕೆ ಹಿಡಿಯುವ ತುಕ್ಕು ಒಂದು ಆಕ್ಸೈಡ್. ಅದು ಸ್ವಲ್ಪವಿದ್ದರೆ ಜೇನಿನಂಥ ಹಳದಿ ಬರುತ್ತದೆ, ಜಾಸ್ತಿಯಾದರೆ ಕಂದು. ಮಾಂಗನೀಸ್ ಸೇರಿದರೆ ಇನ್ನೂ ಗಾಢ ಕಂದು. ತಾಮ್ರದ ಚೊಂಬು ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಬರುತ್ತದಲ್ಲ, ಆ ತಾಮ್ರವೇ ಇಲ್ಲಿ ಹಸಿರು ಕೊಡುವುದು. ಹಸಿರು, ಹಳದಿ, ಕಂದು. ಕೊಸಿವ್‌ನ ಮುಖ್ಯ ಬಣ್ಣಗಳು ಈ ಮೂರೇ. ಹಿನ್ನೆಲೆಗೆ ಬೆಣ್ಣೆ ಬಣ್ಣದ ಬಿಳುಪು.

ಬಣ್ಣ ತುಂಬಿದ ಮೇಲೆ ಮೆರುಗು. ಇದನ್ನೇ ಗ್ಲೇಜ್ ಎನ್ನುವುದು. ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಹೊಳೆಯುತ್ತದಲ್ಲ, ಅದರ ಮೇಲಿನ ಗಾಜಿನಂಥ ಪದರವೇ ಗ್ಲೇಜ್. ನಿಜಕ್ಕೂ ಅದು ಗಾಜೇ. ಪುಡಿಯನ್ನು ನೀರಿನಲ್ಲಿ ಕಲಸಿ ಲೇಪಿಸಿ ಎರಡನೇ ಸಲ ಸುಟ್ಟಾಗ ಕರಗಿ, ತಣ್ಣಗಾಗುವಾಗ ಗಾಜಾಗಿ ಅಂಟಿಕೊಳ್ಳುತ್ತದೆ. ಚಿತ್ರ ಆ ಗಾಜಿನ ಕೆಳಗೆ ಭದ್ರ. ಒಲೆಯ ಹೊಗೆ, ಎಣ್ಣೆ ಜಿಡ್ಡು, ಮಕ್ಕಳ ಕೈ, ಯಾವುದೂ ಅದನ್ನು ಮುಟ್ಟಲಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೂರೈವತ್ತು ವರ್ಷದ ಟೈಲ್ ಇಂದಿಗೂ ನಿನ್ನೆ ಬರೆದಂತೆ ಕಾಣುವುದು ಇದರಿಂದ.

## ಹಸಿರು ಕಣ್ಣೀರು

ಕೊಸಿವ್ ತಟ್ಟೆಯನ್ನು ನೋಡಿದವರು ಕೇಳುವ ಪ್ರಶ್ನೆ ಒಂದಿದೆ. ಹಸಿರು ಯಾಕೆ ಗೆರೆ ದಾಟಿ ಹರಿದಿದೆ? ಬರೆದವರ ಕೈ ತಪ್ಪಿತೇ?

ಹಾಗಲ್ಲ. ಹಳೆಯ ಕಾಲದಲ್ಲಿ ಗ್ಲೇಜ್‌ಗೆ ಸೀಸ ಬಳಸುತ್ತಿದ್ದರು. ಮರಳು ತನ್ನಷ್ಟಕ್ಕೆ ಕರಗಿ ಗಾಜಾಗಲು ಬೇಕಾದ ಶಾಖ ಸೌದೆಯ ಆವಿಗೆಯಲ್ಲಿ ಹುಟ್ಟುವುದಿಲ್ಲ. ಸೀಸ ಸೇರಿದರೆ ಕಡಿಮೆ ಶಾಖಕ್ಕೇ ಕರಗುತ್ತದೆ, ತೆಳುವಾಗಿ ಹರಿಯುತ್ತದೆ. ತಾಮ್ರದ ಪುಡಿಗೂ ಇದೇ ಗುಣ ಇದೆ. ತಾನಿರುವ ಜಾಗದ ಗ್ಲೇಜನ್ನು ಅದು ಇನ್ನಷ್ಟು ನೀರಾಗಿಸುತ್ತದೆ. ಹಾಗಾಗಿ ಹಳದಿ, ಕಂದು ಹಾಕಿದಲ್ಲೇ ನಿಂತರೂ ಹಸಿರು ಮಾತ್ರ ಜಾರುತ್ತದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ಜಾರುತ್ತದೆ. ಆವಿಗೆಯೊಳಗೆ ಸಾಮಾನು ನಿಂತಿದ್ದ ದಿಕ್ಕಿಗೆ ತಕ್ಕಂತೆ ಸಣ್ಣ ಧಾರೆಯಾಗಿ ಇಳಿಯುತ್ತದೆ.

ಇದಕ್ಕೆ ಕೊಸಿವ್‌ನವರು ಇಟ್ಟ ಹೆಸರು ಕಣ್ಣೀರು. ಅದನ್ನು ಕುಂದು ಎಂದು ಅವರು ಅಳಿಸಲು ಹೋಗಲಿಲ್ಲ, ಇರಲಿ ಎಂದು ಬಿಟ್ಟರು. ಕೊರೆದ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ, ಅದರ ಮೇಲೆ ಹಸಿರು ನೀರಿನಂತೆ ಹರಡುತ್ತದೆ. ಒಂದು ಕುಂಬಾರನ ಇಷ್ಟದಂತೆ, ಇನ್ನೊಂದು ಬೆಂಕಿಯ ಇಷ್ಟದಂತೆ. ಎರಡೂ ಸೇರಿದಾಗ ಬರುವ ಚೆಲುವು ಕೊಸಿವ್‌ನದೇ ಸ್ವಂತದ್ದು.

ಸೀಸ ವಿಷ ಎಂಬುದು ಇಂದು ನಮಗೆಲ್ಲ ಗೊತ್ತು. ಆ ಪುಡಿಯನ್ನು ಅರೆದು, ಕಲಸಿ, ಹೊಗೆ ಉಸಿರಾಡುತ್ತಿದ್ದ ಹಳೆಯ ಕುಂಬಾರರ ಮೈಗೆ ಅದು ಒಳ್ಳೆಯದಾಗಿರಲಿಲ್ಲ. ಹುಳಿ ಪದಾರ್ಥ ಇಟ್ಟರೆ ಪಾತ್ರೆಯಿಂದಲೂ ಸೀಸ ಬಿಡಬಹುದು. ಈಗ ಊಟದ ಪಾತ್ರೆಗಳಿಗೆ ಸೀಸವಿಲ್ಲದ ಗ್ಲೇಜ್‌ಗಳು ಇವೆ. ಎಲ್ಲಾದರೂ ಹಳೆಯ ತಟ್ಟೆ ಕೈಗೆ ಸಿಕ್ಕರೆ ಗೋಡೆಗೆ ತೂಗುಹಾಕಿ, ಅದರಲ್ಲಿ ಊಟ ಬೇಡ.

## ಊರಾಚೆ ಹೋದ ಹೆಸರು

1880ರಲ್ಲಿ ಕೊಸಿವ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ಕೊಲೊಮಿಯಾ ಪಟ್ಟಣದಲ್ಲಿ ಬೆಟ್ಟದ ಜನರ ಬದುಕಿನ ಸಾಮಾನುಗಳ ಪ್ರದರ್ಶನ ನಡೆಯಿತು. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದನ್ನು ನೋಡಲು ಬಂದಿದ್ದರು. ಬಖ್ಮಾತ್ಯುಕ್ ಕೆಲಸವೂ ಅಲ್ಲಿತ್ತು. ಅಲ್ಲಿಯವರೆಗೆ ಓದಿದವರ ಕಣ್ಣಿಗೆ ಅದು ಹಳ್ಳಿಯವರ ಒಲೆ, ಹಳ್ಳಿಯವರ ತಟ್ಟೆ. ಆಮೇಲೆ ಸಂಗ್ರಹಕಾರರು ಹುಡುಕಿಕೊಂಡು ಬರತೊಡಗಿದರು. ಎರಡೇ ವರ್ಷಕ್ಕೆ ಬಖ್ಮಾತ್ಯುಕ್ ತೀರಿಕೊಂಡರು.

ಮುಂದೆ ಹಳೆಯ ಒಲೆಗಳನ್ನು ಕಳಚಿದಾಗ ಟೈಲ್‌ಗಳು ಚದುರಿದವು. ಇಂದು ಅವರ ಕೆಲಸ ಕೊಲೊಮಿಯಾದ ಹುತ್ಸುಲ್ ಜನಪದ ಕಲೆಯ ಮ್ಯೂಸಿಯಂ, ಲ್ವಿವ್, ಪೋಲೆಂಡಿನ ಕ್ರಾಕೋವ್ ಹೀಗೆ ಹಲವೆಡೆ ಇದೆ.

ಕಸುಬು ಮಾತ್ರ ಅವರೊಂದಿಗೆ ಮುಗಿಯಲಿಲ್ಲ. ಕೊಸಿವ್ ಪಕ್ಕದ ಪಿಸ್ಟಿನ್ ಹಳ್ಳಿಯ ಪೆತ್ರೊ ಕೊಷಾಕ್ ಮುಂದಿನ ತಲೆಮಾರಿನ ದೊಡ್ಡ ಹೆಸರು. ಅವರ ಕಾಲ 1864ರಿಂದ 1940. ಆಮೇಲೆ ಪಾವ್ಲಿನಾ ತ್ಸ್ವಿಲಿಕ್, 1891ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡವರು. ಗಂಡ ಹ್ರಿಹೊರಿಯ್ ತಿಗರಿಯ ಮೇಲೆ ಮಾಡಿಕೊಟ್ಟ ಸಾಮಾನಿಗೆ ಅವರು ಚಿತ್ರ ಬರೆಯುತ್ತಿದ್ದರು. ಅವರ ಆಯಸ್ಸಿನಲ್ಲಿ ಕೊಸಿವ್ ಎಷ್ಟು ಸಲ ಕೈ ಬದಲಾಯಿಸಿತು ನೋಡಿ. ಹುಟ್ಟಿದಾಗ ಆಸ್ಟ್ರಿಯಾ. ಮೊದಲ ಮಹಾಯುದ್ಧದ ನಂತರ ಪೋಲೆಂಡ್. 1939ರಲ್ಲಿ ಸೋವಿಯತ್ ಒಕ್ಕೂಟ. 1941ರಲ್ಲಿ ಹಿಟ್ಲರ್ ಕಡೆಯ ಸೇನೆಗಳು. 1944ರಲ್ಲಿ ಮತ್ತೆ ಸೋವಿಯತ್. ಊರು ಬಿಡದೆ ಅವರು ಮೂರು ದೇಶ ಕಂಡರು. ಅವರ ತಟ್ಟೆಗಳಲ್ಲಿ ಮಾತ್ರ ಅದೇ ಹಸಿರು, ಅದೇ ಹಳದಿ, ಅದೇ ಕಂದು.

## ಯುನೆಸ್ಕೋ ಪಟ್ಟಿ ಅಂದರೆ ಏನು?

2019ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಸೇರಿದ ಸಭೆಯಲ್ಲಿ ಯುನೆಸ್ಕೋ ಕೊಸಿವ್‌ನ ಚಿತ್ರ ಬರೆದ ಮಣ್ಣಿನ ಸಾಮಾನಿನ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಇದು ಹಂಪಿ, ಪಟ್ಟದಕಲ್ಲು ಇರುವ ಪಟ್ಟಿಯಲ್ಲ. ಅದು ಜಾಗಗಳ, ಕಟ್ಟಡಗಳ ಪಟ್ಟಿ. ಇದು ಜನರ ಕೈಯಲ್ಲಿ, ಬಾಯಲ್ಲಿ ಇರುವ ವಿದ್ಯೆಯ ಪಟ್ಟಿ. ಮುದ್ದೆ ಊಟ ಮಾಡಿದರೆ ಮುಗಿದುಹೋಗುತ್ತದೆ, ಮುದ್ದೆ ಕಟ್ಟಲು ಬರುವ ಕೈ ಉಳಿಯಬೇಕಲ್ಲ, ಹಾಗೆ. ನಮ್ಮ ದೇಶದಿಂದ ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರು ಹಿತ್ತಾಳೆ ತಾಮ್ರದ ಪಾತ್ರೆ ಬಡಿಯುವ ಕಸುಬು 2014ರಲ್ಲಿ ಇದೇ ಪಟ್ಟಿಗೆ ಸೇರಿತ್ತು.

ಹಾಗಾಗಿ ಪಟ್ಟಿಯಲ್ಲಿರುವುದು ಬಖ್ಮಾತ್ಯುಕ್ ಟೈಲ್ ಅಲ್ಲ. ಇಂದಿಗೂ ಕೊಸಿವ್ ಸುತ್ತಮುತ್ತ ಬಿಳಿ ಮಣ್ಣು ಸುರಿದು, ಕಡ್ಡಿಯಿಂದ ಗೀರಿ, ತಾಮ್ರದ ಹಸಿರು ತುಂಬುವವರ ವಿದ್ಯೆ. ಕೆಲವರು ಮನೆಯಲ್ಲಿ ಅಪ್ಪ ಅಮ್ಮನಿಂದ ಕಲಿತವರು. ಕೊಸಿವ್‌ನಲ್ಲಿ ಕಲೆಯ ಕಾಲೇಜೂ ಇದೆ, ಅಲ್ಲಿ ಕಲಿತವರೂ ಇದ್ದಾರೆ.

## ಒಂದು ಟೈಲ್ ಕೈಗೆ ಸಿಕ್ಕರೆ

ಫೋಟೋದಲ್ಲೋ ಮ್ಯೂಸಿಯಂನಲ್ಲೋ ಕೊಸಿವ್ ಕೆಲಸವನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಬಣ್ಣ ನೋಡಿ. ನೀಲಿ ಎದ್ದು ಕಂಡರೆ ಅದು ಬೇರೆ ಕಡೆಯದಿರಬಹುದು. ಆಮೇಲೆ ಹೊರಗೆರೆ ನೋಡಿ. ಕುಂಚದ ಗೆರೆ ದಪ್ಪ ತೆಳು ಆಗುತ್ತಾ ಸಾಗುತ್ತದೆ, ಕಡ್ಡಿಯ ಗೆರೆ ಸಣ್ಣಗೆ ಒಂದೇ ಸಮ ಇರುತ್ತದೆ. ಬೆರಳಾಡಿಸಲು ಬಿಟ್ಟರೆ ಗ್ಲೇಜ್ ಕೆಳಗೆ ಸಣ್ಣ ತಗ್ಗು ತಾಗುತ್ತದೆ. ಮೂರನೆಯದು ಹಸಿರಿನ ಕಣ್ಣೀರು, ಎಲ್ಲೋ ಒಂದು ಕಡೆ ಅದು ಗೆರೆ ದಾಟಿರುತ್ತದೆ.

ಟೈಲ್ ಆದರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಗೆ ಬಿಳಿ ಪದರ ಇಲ್ಲ, ಬಣ್ಣವೂ ಇಲ್ಲ. ಸುಟ್ಟ ಮಣ್ಣಿನ ಟೊಳ್ಳು ಡಬ್ಬಿ, ಅಂಚನ್ನು ಒತ್ತಿ ಕೂಡಿಸಿದ ಬೆರಳ ಗುರುತು, ಮತ್ತೆ ಅದು ಹಳೆ ಒಲೆಯಿಂದ ಬಂದದ್ದಾದರೆ ಮೂಲೆಯಲ್ಲಿ ಅಂಟಿಕೊಂಡ ಮಸಿ.